ಭೋಜಣ್ಣನ ಇಪ್ಪತ್ತು ಸೆಕೆಂಡು

ಯಂತ್ರದ ಮಾತಿಗೆ ಉತ್ತರ ಕೊಡಬಾರದು ಎಂದು ಶಿಫಾನಾ ಭೋಜನಿಗೆ ಮೂರನೆಯ ಸಲ ಹೇಳಿದಳು. ಭೋಜ "ಆಯ್ತು" ಎಂದ. ತೊಂದರೆ ಇದ್ದದ್ದೇ ಅಲ್ಲಿ.

ಮೂಡಬಿದಿರೆಯ ಹೊರಗೆ ಹೊಸದಾಗಿ ಎದ್ದ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ, ಸ್ಕ್ಯಾನ್ ಯಂತ್ರದ ಸಪೂರ ಹಲಗೆಯ ಮೇಲೆ, ಅವನು ಎರಡೂ ಕೈಗಳನ್ನು ತಲೆಯ ಹಿಂದಕ್ಕೆ ಚಾಚಿ ಅಂಗಾತ ಮಲಗಿದ್ದ. ಹೊಟ್ಟೆಯ ಮೇಲೆ ಸಾಬೂನಿನ ಡಬ್ಬಿಯಷ್ಟು ದೊಡ್ಡದೊಂದು ಪ್ಲಾಸ್ಟಿಕ್ ಪೆಟ್ಟಿಗೆ. ಉಸಿರಾಡಿದಂತೆಲ್ಲ ಪೆಟ್ಟಿಗೆ ಏರಿ ಇಳಿಯುತ್ತಿತ್ತು. ಎದುರಿನ ಕ್ಯಾಮೆರಾ ಅದನ್ನು ನೋಡಿ, ಭೋಜನ ಕಣ್ಣ ಮುಂದಿನ ಪುಟ್ಟ ಪರದೆಯಲ್ಲಿ ಒಂದು ಹಳದಿ ಗೆರೆಯಾಗಿ ತೋರಿಸುತ್ತಿತ್ತು. ಪರದೆಯ ಮೇಲ್ಭಾಗದಲ್ಲಿ ಅಡ್ಡಕ್ಕೆ ಒಂದು ಹಸಿರು ಪಟ್ಟಿ. ಉಸಿರು ಎಳೆದು ಹಳದಿ ಗೆರೆಯನ್ನು ಹಸಿರು ಪಟ್ಟಿಯ ಒಳಗೆ ತರಬೇಕು, ಇಪ್ಪತ್ತು ಸೆಕೆಂಡು ಅಲ್ಲಿಯೇ ನಿಲ್ಲಿಸಬೇಕು, ಆಮೇಲೆ ಬಿಡಬೇಕು. ಇಷ್ಟೇ ಕೆಲಸ.

ಸ್ಪೀಕರಿನಲ್ಲಿ ರೆಕಾರ್ಡ್ ಮಾಡಿದ ಹೆಂಗಸಿನ ದನಿ "ಉಸಿರು ಎಳೆದುಕೊಳ್ಳಿ" ಎನ್ನುತ್ತಿತ್ತು. ಭೋಜ ಎಳೆದುಕೊಳ್ಳುತ್ತಿದ್ದ. "ಹಿಡಿದುಕೊಳ್ಳಿ" ಎನ್ನುತ್ತಿತ್ತು. "ಹ್ಞಾಂ, ಹಿಡಿದೆ" ಎಂದು ಭೋಜ ಹೇಳುತ್ತಿದ್ದ. ಹೇಳಿದ್ದೇ ತಡ, ಹಿಡಿದ ಉಸಿರಿನ ಅರ್ಧ ಬಾಯಿಂದ ಹೊರಗೆ ಹೋಗಿ ಗೆರೆ ದೊಪ್ಪನೆ ಕೆಳಗೆ ಬೀಳುತ್ತಿತ್ತು.

ಅವನದು ತಪ್ಪೆಂದು ಹೇಳುವಂತೆಯೂ ಇರಲಿಲ್ಲ. ಬಿ.ಸಿ.ರೋಡಿನಿಂದ ಮೂಡಬಿದಿರೆಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಮೂವತ್ತಾರು ವರ್ಷ ಕಂಡಕ್ಟರ್ ಆಗಿದ್ದವನು ಅವನು. ಹಿಂದಿನ ಬಾಗಿಲಿನಿಂದ ಯಾರು ಕೂಗಿದರೂ, ಮುಂದಿನ ಸೀಟಿನಿಂದ ಯಾರು ಗೊಣಗಿದರೂ, ಉತ್ತರ ಕೊಡದೆ ಬಿಟ್ಟ ದಿನವಿಲ್ಲ. ಆ ರೂಟಿನಲ್ಲಿ ಅವನ ಶ್ವಾಸಕ್ಕೊಂದು ಹೆಸರೂ ಇತ್ತು. ಬಂಟ್ವಾಳ, ಜಕ್ರಿಬೆಟ್ಟು, ಲೊರೆಟ್ಟೊ, ಸೋರ್ನಾಡು, ಅಣ್ಣಳಿಕೆ, ರಾಯಿ, ಸಿದ್ದಕಟ್ಟೆ, ಸಂಗಬೆಟ್ಟು, ಮೂಡಬಿದಿರೆ ಎಂದು ಒಂದೇ ಉಸಿರಿನಲ್ಲಿ ಕೂಗಿ, ಉಳಿದ ಉಸಿರಿನಲ್ಲಿ ಸೀಟಿಯನ್ನೂ ಊದುತ್ತಿದ್ದ. ಬಸ್‌ಸ್ಟ್ಯಾಂಡಿನ ಹೊಸ ಹುಡುಗರು ಪಂಥ ಕಟ್ಟಿ ರಾಯಿಗೆ ಬರುವಷ್ಟರಲ್ಲಿ ಕೆಮ್ಮುತ್ತಿದ್ದರು.

ಅಂಥವನ ಬಲಗಡೆಯ ಶ್ವಾಸಕೋಶದ ಬುಡದಲ್ಲಿ, ನೆಲ್ಲಿಕಾಯಿ ಗಾತ್ರದ ಒಂದು ಗಂಟು ಇದೆಯೆಂದು ಗೊತ್ತಾದದ್ದು ಅಕಸ್ಮಾತ್ತಾಗಿ. ಹರ್ನಿಯಾ ಆಪರೇಷನ್ನಿಗೆಂದು ಬಂಟ್ವಾಳದಲ್ಲಿ ಎದೆಯ ಎಕ್ಸ್‌ರೇ ತೆಗೆಸಿದಾಗ ಡಾಕ್ಟರು ಹರ್ನಿಯಾದ ವಿಷಯ ಬಿಟ್ಟು ಬೇರೆಯೇ ಮಾತಾಡತೊಡಗಿದರು. ಸೂಜಿ ಹಾಕಿ ಚೂರು ತೆಗೆದು ನೋಡಿದರು. ಕ್ಯಾನ್ಸರ್ ಎಂದು ಬಂತು. ಬೇಗ ಸಿಕ್ಕಿದ್ದು ಒಳ್ಳೆಯದಾಯಿತು, ಬೇರೆಲ್ಲಿಗೂ ಹೋಗಿಲ್ಲ ಎಂದರು. ಆದರೆ ಬೀಡಿ ಬಿಟ್ಟು ಹನ್ನೆರಡು ವರ್ಷವಾಗಿದ್ದರೂ ಶ್ವಾಸಕೋಶದ ಬಲ ಅರ್ಧಕ್ಕೆ ಇಳಿದಿದೆ, ಕೊಯ್ದು ತೆಗೆಯುವುದು ಅಪಾಯ, ರೇಡಿಯೇಷನ್ ಕೊಡಿಸುವ ಎಂದು ಮೂಡಬಿದಿರೆಗೆ ಬರೆದುಕೊಟ್ಟರು. ಬಲ ಅರ್ಧ ಎಂಬ ಮಾತು ಭೋಜನಿಗೆ ಕ್ಯಾನ್ಸರ್ ಎಂಬ ಮಾತಿಗಿಂತ ಹೆಚ್ಚು ತಾಗಿತು. ಬಲ ಅಳೆಯಲು ಕೊಳವೆಯೊಂದರಲ್ಲಿ ಊದಿಸಿದ ಪರೀಕ್ಷೆಯೇ ಸರಿ ಇಲ್ಲ ಎಂದು ಅವನು ದಾರಿಯುದ್ದಕ್ಕೂ ವಾದಿಸಿದ್ದ.

ಹಾಗಾಗಿ ಇಲ್ಲಿ ಉಸಿರು ಹಿಡಿಯುವ ಕೆಲಸ ಎಂದಾಗ ಅವನು ಒಳಗೊಳಗೇ ಖುಷಿಪಟ್ಟಿದ್ದ. ನಾಲ್ಕನೆಯ ಸಲ ಉತ್ತರ ಕೊಡದೆ ತುಟಿ ಕಚ್ಚಿಕೊಂಡ. ಈ ಸಲ ಎಷ್ಟು ಜೋರಾಗಿ ಎಳೆದನೆಂದರೆ ಗೆರೆ ಹಸಿರು ಪಟ್ಟಿಯನ್ನು ದಾಟಿ ಪರದೆಯಿಂದಲೇ ಆಚೆ ಹೋಯಿತು. ಐದನೆಯ ಸಲ ಪಟ್ಟಿಯ ಅರ್ಧಕ್ಕೆ ಬಂದು ನಡುಗಿತು. ಆರನೆಯ ಸಲ ಕೆಮ್ಮು ಬಂತು.

ಆಗ ಡಾಕ್ಟರ್ ಸುರಕ್ಷಾ ಒಳಗೆ ಬಂದರು. ಬೆಳ್ತಂಗಡಿ ಕಡೆಯವರು, ಮೂವತ್ತೈದರ ಆಸುಪಾಸು, ಮಾತು ನಿಧಾನ. ಅವರು ಭೋಜನನ್ನು ಎಬ್ಬಿಸಿ ಕೂರಿಸಿ, ಕಂಪ್ಯೂಟರಿನಲ್ಲಿ ಅವನದೇ ಎದೆಯ ಚಿತ್ರವನ್ನು ಓಡಿಸಿ ತೋರಿಸಿದರು. ಗಂಟು ಒಂದೇ ಕಡೆ ಕೂತಿರಲಿಲ್ಲ. ಉಸಿರು ಎಳೆದಾಗ ಎರಡು ಬೆರಳಿನಷ್ಟು ಕೆಳಗೆ ಜಾರುತ್ತಿತ್ತು, ಬಿಟ್ಟಾಗ ಮೇಲೆ ಬರುತ್ತಿತ್ತು. ರೇಡಿಯೇಷನ್ನಿನ ಕಿರಣ ಸಪೂರದ್ದು, ಹರಿತದ್ದು. ಓಡಾಡುವ ಗಂಟಿಗೆ ಕೊಡುವುದಾದರೆ ಅದು ಓಡಾಡುವ ದಾರಿಗೆಲ್ಲ ಕೊಡಬೇಕಾಗುತ್ತದೆ, ಆಗ ಅಕ್ಕಪಕ್ಕದ ಒಳ್ಳೆಯ ಶ್ವಾಸಕೋಶವೂ ಸುಡುತ್ತದೆ. ನಿಮಗೆ ಉಳಿದಿರುವುದೇ ಅರ್ಧ, ಅದರಲ್ಲಿ ಸುಮ್ಮನೆ ಯಾಕೆ ಕಳೆಯುವುದು ಎಂದು ಅವರು ಕೇಳಿದರು. ಕೆಲವರಿಗೆ ಹೊಟ್ಟೆಯ ಮೇಲೆ ಪಟ್ಟಿ ಕಟ್ಟಿ ಒತ್ತಿ ಉಸಿರಿನ ಓಡಾಟ ಕಡಿಮೆ ಮಾಡುತ್ತಾರಂತೆ. ಹರ್ನಿಯಾ ಇರುವವನಿಗೆ ಅದು ಆಗದು. ಉಸಿರು ಹಿಡಿದರೆ ಗಂಟು ನಿಲ್ಲುತ್ತದೆ. ನಿಂತಷ್ಟು ಹೊತ್ತು ಮಾತ್ರ ಕಿರಣ. ಗೆರೆ ಪಟ್ಟಿಯಿಂದ ಹೊರಗೆ ಹೋದರೆ ಕಿರಣ ತಾನಾಗಿಯೇ ನಿಲ್ಲುತ್ತದೆ, ಹೆದರುವುದು ಬೇಡ. ಆದರೆ ಪ್ರತಿ ಸಲವೂ ಅಷ್ಟೇ ಉಸಿರು ಬೇಕು, ಒಂದು ಗುಟುಕು ಹೆಚ್ಚಲ್ಲ, ಒಂದು ಗುಟುಕು ಕಡಿಮೆಯಲ್ಲ.

"ಒಂದು ವಾರ ಮನೆಯಲ್ಲಿ ಅಭ್ಯಾಸ ಮಾಡಿ ಬನ್ನಿ. ಆಗಲೂ ಆಗದಿದ್ರೆ ಬೇರೆ ದಾರಿ ಉಂಟು," ಎಂದರು ಡಾಕ್ಟರು. "ಆದ್ರೆ ನನಗೆ ಇದೇ ಬೇಕು."

ಭೋಜ ಅಂಗಿ ಹಾಕಿಕೊಂಡು ಹೊರಗೆ ಬರುವಾಗ ಮುಖ ಸಣ್ಣದು ಮಾಡಿಕೊಂಡಿದ್ದ. ಶಿಫಾನಾ ಬಾಗಿಲಿನ ತನಕ ಜೊತೆಗೆ ಬಂದಳು. ಯಂತ್ರ ನಡೆಸುವುದು, ರೋಗಿಗಳನ್ನು ಮಲಗಿಸುವುದು, ಎಲ್ಲ ಅವಳ ಕೆಲಸ. ಮುಖದ ಮಾಸ್ಕ್ ಇಳಿಸಿ, ತನ್ನ ಗುರುತು ಸಿಕ್ಕಿತಾ ಎಂದು ಕೇಳಿದಳು. ಅವನಿಗೆ ಸಿಗಲಿಲ್ಲ. ಸಿದ್ದಕಟ್ಟೆಯಿಂದ ಮೂಡಬಿದಿರೆಯ ಕಾಲೇಜಿಗೆ ಐದು ವರ್ಷ ಅವನದೇ ಬೆಳಗಿನ ಬಸ್ಸಿನಲ್ಲಿ ಹೋದವಳಂತೆ. ಬ್ಯಾಗು ಕಾಲಿನ ಹತ್ತಿರ ಇಡಲು ಬೈದದ್ದು, "ದುಂಬು ಪೋಲೆ, ದುಂಬು ಪೋಲೆ" ಎಂದು ಮುಂದೆ ತಳ್ಳಿದ್ದು, ಪರೀಕ್ಷೆಯ ದಿನ ತಾನು ಓಡಿ ಬರುವುದನ್ನು ಕಂಡು ಬಸ್ಸು ನಿಲ್ಲಿಸಿದ್ದು, ಎಲ್ಲ ಹೇಳಿದಳು. ಭೋಜನಿಗೆ ಒಂದೂ ನೆನಪಿರಲಿಲ್ಲ. ಅಂಥ ಮಕ್ಕಳು ದಿನಕ್ಕೆ ನಲವತ್ತು.

"ಅಷ್ಟು ಜನರನ್ನು ಮುಂದೆ ಕಳಿಸಿದವರು ನೀವು ಭೋಜಣ್ಣ. ನಾನು ನಿಮ್ಮನ್ನು ಹಿಂದೆ ಕಳಿಸುವುದಿಲ್ಲ," ಎಂದಳು ಅವಳು. "ಅಭ್ಯಾಸ ಮಾಡಿ ಬನ್ನಿ."

ಹೊರಗೆ ಯಾಕೂಬ್ ಓಮ್ನಿಯ ಬಾಗಿಲು ತೆರೆದು ಕಾಯುತ್ತಿದ್ದ. ಅದೇ ಬಸ್ಸನ್ನು ಇಪ್ಪತ್ತೆರಡು ವರ್ಷ ಓಡಿಸಿದ ಡ್ರೈವರ್ ಅವನು. ಭೋಜ ಎಷ್ಟು ಮಾತಿನವನೋ ಯಾಕೂಬ್ ಅಷ್ಟೇ ಮೌನದವನು. ಇಪ್ಪತ್ತೆರಡು ವರ್ಷ ಅವರ ನಡುವೆ ನಡೆದದ್ದೆಲ್ಲ ಸೀಟಿಯ ಸಂಭಾಷಣೆ. ಜಕ್ರಿಬೆಟ್ಟಿನ ಭೋಜನ ಮನೆ ಬರುವ ತನಕ ಆ ದಿನ ಓಮ್ನಿಯೊಳಗೆ ಮಾತೇ ಇರಲಿಲ್ಲ.

ಭೋಜನ ಹೆಂಡತಿ ಅಮ್ಮಣ್ಣಿ ವಿಷಯವನ್ನೆಲ್ಲ ಕೇಳಿ, ಎರಡು ಪ್ರಶ್ನೆ ಕೇಳಿದಳು: ಪೆಟ್ಟಿಗೆ ಹೊಟ್ಟೆಯ ಯಾವ ಜಾಗದಲ್ಲಿಟ್ಟರು, ಗೆರೆ ಎಷ್ಟು ಮೇಲೆ ಹೋಗಬೇಕು. ಮರುದಿನ ಬೆಳಿಗ್ಗೆ ಜಗಲಿಯ ಬೆಂಚಿನ ಮೇಲೆ ಗಂಡನನ್ನು ಮಲಗಿಸಿ, ಖಾಲಿ ಸಾಬೂನಿನ ಡಬ್ಬಿಯೊಂದನ್ನು ಹೊಟ್ಟೆಯ ಮೇಲಿಟ್ಟಳು. ಬೆಂಚಿನ ಎರಡೂ ಬದಿಗೆ ಕುರ್ಚಿ ಇಟ್ಟು, ಒಂದರಿಂದ ಇನ್ನೊಂದಕ್ಕೆ ಬೀಡಿ ಕಟ್ಟುವ ನೂಲನ್ನು ಎಳೆದು ಕಟ್ಟಿದಳು. ಉಸಿರು ಎಳೆದಾಗ ಡಬ್ಬಿ ನೂಲಿಗೆ ತಾಗಬೇಕು, ನೂಲನ್ನು ಮೇಲೆತ್ತಬಾರದು. ಗೋಡೆ ಗಡಿಯಾರ ಕೆಳಗಿಳಿಸಿ ತಂದು ಎದುರಿಗೆ ನಿಲ್ಲಿಸಿದಳು.

ಭೋಜ ಮೊದಲ ದಿನವೇ ನಲವತ್ತೆಂಟು ಸೆಕೆಂಡು ಹಿಡಿದ. ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಬಂದು, ಏದುಸಿರು ಬಿಡುತ್ತಾ ಹೆಂಡತಿಯ ಮುಖ ನೋಡಿದ. ಅಮ್ಮಣ್ಣಿ ಹೊಗಳಲಿಲ್ಲ.

"ನಲವತ್ತೆಂಟು ನಿಮ್ಮಲ್ಲಿ ಯಾರು ಕೇಳಿದ್ರು? ನೂಲು ನೋಡಿ," ಎಂದಳು.

ನೂಲು ಕಡಿದು ಅವನ ಎದೆಯ ಮೇಲೆ ಬಿದ್ದಿತ್ತು. ಇಷ್ಟು ಒಳ್ಳೆಯ ಉಸಿರನ್ನು ಬೇಡ ಎನ್ನುವ ಆಸ್ಪತ್ರೆ ಎಂಥ ಆಸ್ಪತ್ರೆ ಎಂದು ಅವನು ಸಿಟ್ಟು ಮಾಡಿಕೊಂಡ. ಅಮ್ಮಣ್ಣಿ ಹೊಸ ನೂಲು ಕಟ್ಟಿ ಬೀಡಿಯ ಮೊರ ಹಿಡಿದು ಕೂತಳು.

ಸಂಜೆ ಯಾಕೂಬ್ ಮೂಸಂಬಿ ಹಿಡಿದುಕೊಂಡು ಬಂದ. ಕುರ್ಚಿ ಖಾಲಿ ಇಲ್ಲದ್ದರಿಂದ ಮೆಟ್ಟಿಲ ಮೇಲೆ ಕೂತು, ಭೋಜ ನಾಲ್ಕು ಸಲ ನೂಲನ್ನು ಎತ್ತಿಹಾಕುವುದನ್ನು ಸುಮ್ಮನೆ ನೋಡಿದ. ಐದನೆಯ ಸಲಕ್ಕೆ ಬಾಯಿಬಿಟ್ಟ.

"ಭೋಜ, ಜನ ಸ್ಟಾಪಲ್ಲಿ ನಿಂತಿದ್ದಾರೆ. ನಾನು ಬಸ್ಸನ್ನು ಹತ್ತು ಮಾರು ಮುಂದೆ ಕೊಂಡುಹೋಗಿ ನಿಲ್ಲಿಸಿದ್ರೆ ನೀನು ಎಂತ ಹೇಳ್ತಿದ್ದೆ?"

"ಬೈತಿದ್ದೆ."

"ಎಂಜಿನ್ ಒಳ್ಳೆದುಂಟು ಅಂತ ನಾನು ಹೇಳಿದ್ರೆ?"

ಭೋಜ ಹೊಟ್ಟೆಯ ಮೇಲಿನ ಡಬ್ಬಿಯನ್ನು ಸರಿಮಾಡಿಕೊಂಡ.

"ಸ್ಟಾಪು ಬಂದ ಮೇಲೆ ಬ್ರೇಕ್ ಒತ್ತುವುದಲ್ಲ ಮಾರಾಯ. ಸ್ಟಾಪು ದೂರದಲ್ಲಿ ಕಾಣುವಾಗಲೇ ಕಾಲು ತೆಗೀಬೇಕು. ಬಸ್ಸು ತಾನೇ ಹೋಗಿ ನಿಲ್ತದೆ," ಎಂದ ಯಾಕೂಬ್. ಒಂದು ತಿಂಗಳಿಗಾಗುವಷ್ಟು ಮಾತು ಮುಗಿದಂತೆ ಮೂಸಂಬಿ ಸುಲಿಯತೊಡಗಿದ.

ಭೋಜ ಈ ಸಲ ನಿಧಾನಕ್ಕೆ ಎಳೆದ. ಡಬ್ಬಿ ಮುಕ್ಕಾಲು ಎತ್ತರಕ್ಕೆ ಬರುವಾಗ ಎಳೆಯುವುದನ್ನು ಸಡಿಲ ಮಾಡಿದ. ಡಬ್ಬಿ ಹೋಗಿ ನೂಲಿಗೆ ಮೆಲ್ಲನೆ ತಾಗಿ ನಿಂತಿತು. ನೂಲು ಅಲುಗಲಿಲ್ಲ. ಅಮ್ಮಣ್ಣಿ ಬೀಡಿ ಸುತ್ತುವುದನ್ನು ನಿಲ್ಲಿಸಿ ಇಪ್ಪತ್ತರ ತನಕ ಎಣಿಸಿದಳು. ಎಣಿಕೆ ಮುಗಿದಾಗ ಅವನಿಗೆ ಸುಸ್ತೂ ಆಗಿರಲಿಲ್ಲ, ಏದುಸಿರೂ ಇರಲಿಲ್ಲ. ಇಷ್ಟು ಸುಲಭದ ಕೆಲಸಕ್ಕೆ ತಾನು ಎರಡು ದಿನ ಒದ್ದಾಡಿದೆನಲ್ಲಾ ಎಂದು ನಾಚಿಕೆಯಾಯಿತು.

ಉತ್ತರ ಕೊಡುವ ಚಟ ಮಾತ್ರ ಉಳಿದಿತ್ತು. ಅದಕ್ಕೆ ಔಷಧಿ ಹುಡುಕಿದ್ದು ಅಮ್ಮಣ್ಣಿ. ಅವನು ಉಸಿರು ಹಿಡಿದ ಕೂಡಲೇ ಅವಳು ಬೇಕೆಂದೇ ಪ್ರಶ್ನೆ ಕೇಳತೊಡಗಿದಳು. ಮಧ್ಯಾಹ್ನದ ಮೀನಿಗೆ ಬಂಗುಡೆ ತರುವುದಾ ಬೂತಾಯಿ ತರುವುದಾ. ತಂಗಿಯ ಮಗಳ ಮದುವೆಗೆ ಹಾಕಿದ ಅಂಗಿ ಎಲ್ಲಿಟ್ಟಿದ್ದೀರಿ. ಮೊದಮೊದಲು ಭೋಜ ಐದರಲ್ಲಿ ನಾಲ್ಕಕ್ಕೆ ಉತ್ತರಿಸಿ ಕೆಡಿಸಿದ. ನಿಮ್ಮ ಬಸ್ಸಿಗಿಂತ ಹಿಂದಿನ ಬಸ್ಸೇ ಟೈಮಿಗೆ ಸರಿಯಾಗಿ ಬರ್ತಿತ್ತು ಎಂದು ಜನ ಹೇಳುತ್ತಾರೆ ಎಂದಾಗ ಎದ್ದೇ ಕೂತ. ಮೂರನೆಯ ದಿನದ ಹೊತ್ತಿಗೆ ಅವಳು ಏನು ಕೇಳಿದರೂ ಕಣ್ಣು ಮಿಟುಕಿಸದೆ ನೂಲನ್ನೇ ನೋಡುವಷ್ಟಾದ.

ಅದರಿಂದ ಇನ್ನೊಂದು ಎಡವಟ್ಟಾಯಿತು. ನಾಲ್ಕನೆಯ ದಿನ ಅಮ್ಮಣ್ಣಿ ಹಿತ್ತಲಲ್ಲಿದ್ದಾಗ ಪಕ್ಕದ ಮನೆಯ ಮುಂಡಪ್ಪ ಏಣಿ ಕೇಳಲು ಬಂದ. ಜಗಲಿಯಲ್ಲಿ ಭೋಜ ಅಂಗಿಯಿಲ್ಲದೆ, ಕೈ ಹಿಂದಕ್ಕೆ ಚಾಚಿ, ಹೊಟ್ಟೆಯ ಮೇಲೆ ಡಬ್ಬಿ ಇಟ್ಟುಕೊಂಡು, ಕಣ್ಣು ತೆರೆದು ಮಲಗಿದ್ದ. ಮುಂಡಪ್ಪ ಏಣಿ ಉಂಟಾ ಎಂದು ಕೇಳಿದ. ಉತ್ತರವಿಲ್ಲ. ಇನ್ನೊಮ್ಮೆ ಕೇಳಿದ. ಭೋಜನ ಕಣ್ಣು ಒಂದು ಸಲ ಅವನ ಕಡೆ ತಿರುಗಿ ಮತ್ತೆ ನೂಲಿನ ಕಡೆ ಹೋಯಿತು. ಮುಂಡಪ್ಪ ಏಣಿಯ ಆಸೆ ಬಿಟ್ಟು ಹಿಂದೆ ಹಿಂದೆ ನಡೆದು ಗೇಟು ದಾಟಿದ.

ಮಧ್ಯಾಹ್ನದ ಹೊತ್ತಿಗೆ ಬಿ.ಸಿ.ರೋಡ್ ಬಸ್‌ಸ್ಟ್ಯಾಂಡಿನಲ್ಲಿ ಭೋಜನ ಸ್ವರ ಹೋಯಿತಂತೆ ಎಂಬ ಸುದ್ದಿ ಇತ್ತು. ಅದು ಎರಡು ಗಂಟೆಯ ಬಸ್ಸು ಹತ್ತಿ ಸಿದ್ದಕಟ್ಟೆಗೆ ಇಳಿಯುವಾಗ ಸ್ವರದ ಜೊತೆಗೆ ಒಂದು ಕೈಯೂ ಕಾಲೂ ಹೋಗಿತ್ತು. ಮರುದಿನ ನಾಲ್ಕು ಗಂಟೆಗೆ ಡ್ಯೂಟಿ ಮುಗಿಸಿದ ಐದಾರು ಕಂಡಕ್ಟರು, ಡ್ರೈವರುಗಳು ಖಾಕಿಯಲ್ಲೇ ಬಂದರು. ಒಬ್ಬನ ಕೈಯಲ್ಲಿ ಬ್ರೆಡ್ಡು, ಇನ್ನೊಬ್ಬನ ಕೈಯಲ್ಲಿ ಕದಳಿ ಬಾಳೆಹಣ್ಣು. ಅವರು ಗೇಟು ದಾಟುವಾಗ ಭೋಜ ಆಗಷ್ಟೇ ಉಸಿರು ಹಿಡಿದಿದ್ದ. ಅಮ್ಮಣ್ಣಿ ಗಡಿಯಾರದಿಂದ ಕಣ್ಣು ತೆಗೆಯದೆ, ಅಲ್ಲೇ ನಿಲ್ಲಿ ಎಂದು ಕೈ ಎತ್ತಿದಳು. ಎಲ್ಲರೂ ಅಂಗಳದಲ್ಲಿ ಚಪ್ಪಲಿ ಕಳಚಿ ಸಾಲಾಗಿ ನಿಂತರು. ಯಾರೂ ಕೆಮ್ಮಲಿಲ್ಲ. ಆ ಇಪ್ಪತ್ತು ಸೆಕೆಂಡು ಅಲ್ಲಿ ಉಸಿರಾಡಿದವಳು ಅಮ್ಮಣ್ಣಿ ಒಬ್ಬಳೇ ಇರಬೇಕು.

ಡಬ್ಬಿ ಇಳಿಯಿತು. "ನಿಂತದ್ದು ಯಾಕೆ ಮಾರಾಯ್ರೆ, ಮೇಲೆ ಬನ್ನಿ," ಎಂದು ಭೋಜ ತನ್ನ ಬಸ್‌ಸ್ಟ್ಯಾಂಡ್ ಸ್ವರದಲ್ಲಿಯೇ ಹೇಳಿದ.

ಅವರಲ್ಲಿ ಎಲ್ಲರಿಗಿಂತ ಹಿರಿಯನಾದ ಅಬ್ದುಲ್ ಸಮದ್, ಬೆಳ್ತಂಗಡಿ ರೂಟಿನ ಕಂಡಕ್ಟರ್, ಬಾಳೆಹಣ್ಣಿನ ಗೊನೆಯನ್ನು ಹಿಡಿದುಕೊಂಡೇ ಕಣ್ಣೊರೆಸಿಕೊಂಡ. ಆಮೇಲೆ ನಡೆದದ್ದು ದೊಡ್ಡ ನಗೆ. ಎಲ್ಲರೂ ಸರದಿಯ ಮೇಲೆ ಬೆಂಚಿನಲ್ಲಿ ಮಲಗಿ ಡಬ್ಬಿ ಇಟ್ಟು ನೋಡಿದರು. ನೂಲು ಮೂರು ಸಲ ಕಡಿಯಿತು. ಅಮ್ಮಣ್ಣಿ ಎರಡು ಸಲ ಚಹಾ ಮಾಡಿದಳು. ಮುಂಡಪ್ಪನೂ ಬಂದು, ಏಣಿ ತೆಗೆದುಕೊಂಡು, ಚಹಾ ಕುಡಿದು ಹೋದ.

ಅವರೆಲ್ಲ ಹೋದ ಮೇಲೆ ಭೋಜ ಒಬ್ಬನೇ ಬೆಂಚಿನಲ್ಲಿ ಕೂತಿದ್ದ. ಸ್ವರ ಹೋಯಿತಂತೆ ಎಂಬ ಮಾತಿಗೆ ಎಲ್ಲರ ಜೊತೆ ಅವನೂ ನಕ್ಕಿದ್ದ. ಈಗ ಅದು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ಎದೆಗೆ ಕಿರಣ ಕೊಡುತ್ತಾರೆ, ಸ್ವರ ಬರುವುದೂ ಎದೆಯಿಂದಲೇ ಅಲ್ಲವೇ. ಅಮ್ಮಣ್ಣಿಯ ಹತ್ತಿರ ಅವನು ಅದನ್ನು ಹೇಳಲಿಲ್ಲ.

ವಾರದ ನಂತರ ಮೂಡಬಿದಿರೆಗೆ ಹೋದಾಗ ಶಿಫಾನಾ ರೆಕಾರ್ಡಿನ ಹೆಂಗಸನ್ನು ಬಂದ್ ಮಾಡಿದ್ದಳು. ತಾನೇ ಮೈಕಿನ ಮುಂದೆ ಕೂತು ತುಳುವಿನಲ್ಲಿ ಹೇಳುತ್ತೇನೆ, ನನಗೂ ಉತ್ತರ ಕೊಡಬೇಡಿ ಎಂದಳು. ಭೋಜ ತಲೆಯಾಡಿಸಿದ, ಬಾಯಿ ತೆರೆಯಲಿಲ್ಲ. ಗೆರೆ ನಿಧಾನವಾಗಿ ಏರಿ ಹಸಿರು ಪಟ್ಟಿಯೊಳಗೆ ಹೋಗಿ ಕೂತಿತು. ಎರಡನೆಯ ಸಲವೂ ಅಲ್ಲೇ, ಮೂರನೆಯ ಸಲವೂ ಅಲ್ಲೇ. ಗಾಜಿನ ಆಚೆಗೆ ಡಾಕ್ಟರ್ ಸುರಕ್ಷಾ ಮೂರೂ ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿ, ಸ್ಕ್ಯಾನ್ ಮಾಡಿ ಎಂದರು. ಪ್ರತಿ ಸಲವೂ ಒಂದೇ ರೀತಿ ಮಲಗಿಸಲು ಗುರುತಿಗೆಂದು ಚರ್ಮದ ಮೇಲೆ ಸಾಸಿವೆಯಷ್ಟು ಸಣ್ಣ ಮೂರು ಹಚ್ಚೆಯ ಚುಕ್ಕೆ ಹಾಕಿದರು. ಐದು ಸಲ ಕೊಡುವುದು, ದಿನ ಬಿಟ್ಟು ದಿನ ಎಂದು ನಿಗದಿಯಾಯಿತು.

ಮೊದಲ ದಿನ. ಕೋಣೆ ದೊಡ್ಡದು, ತಣ್ಣಗಿತ್ತು, ಬಾಗಿಲು ಗೋಡೆಯಷ್ಟೇ ದಪ್ಪ. ಎಲ್ಲರೂ ಹೊರಗೆ ಹೋಗಿ ಬಾಗಿಲು ಮುಚ್ಚಿದ ಮೇಲೆ ಒಳಗೆ ಭೋಜ ಒಬ್ಬನೇ, ಮತ್ತು ಅವನ ಸುತ್ತ ನಿಧಾನವಾಗಿ ತಿರುಗುವ ಯಂತ್ರದ ದೊಡ್ಡ ತಲೆ. ಶಿಫಾನಾಳ ಸ್ವರ ಬಂತು. ಅವನು ಎಳೆದ, ನಿಲ್ಲಿಸಿದ. ಯಂತ್ರ ಗುಂಯ್‌ಗುಟ್ಟಿತು. ಬಿಡಿ ಎಂದಾಗ ಬಿಟ್ಟ. ಏನೂ ತಾಗಿದಂತೆ ಆಗಲಿಲ್ಲ. ಎರಡನೆಯದೂ ಹಾಗೆಯೇ ಹೋಯಿತು.

ಮೂರನೆಯ ಸಲ ಉಸಿರು ಹಿಡಿದು ಮಲಗಿದ್ದಾಗ ಅವನಿಗೆ ಒಂದು ವಿಷಯ ಗಮನಕ್ಕೆ ಬಂತು. ಯಾರೂ ಅವನನ್ನು ಏನೂ ಕೇಳುತ್ತಿರಲಿಲ್ಲ. ಯಾರೂ ಕರೆಯುತ್ತಿರಲಿಲ್ಲ, ಹತ್ತುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ಇಷ್ಟು ಮಾತಿಲ್ಲದ ಜಾಗದಲ್ಲಿ ಅವನು ಅರವತ್ಮೂರು ವರ್ಷಗಳಲ್ಲಿ ಒಮ್ಮೆಯೂ ಇದ್ದಿರಲಿಲ್ಲ. ಇನ್ನು ಮುಂದೆ ಹೀಗೆಯೇ ಆಗುವುದೇ ಎಂದು ಅನಿಸಿದ್ದೇ, ಕಣ್ಣಿನ ಬದಿಯಿಂದ ನೀರು ಇಳಿದು ಕಿವಿಗೆ ಹೋಯಿತು. ಮೂಗು ಕಟ್ಟಿತು. ಗೆರೆ ನಡುಗಿ ಪಟ್ಟಿಯಿಂದ ಜಾರಿತು. ಗುಂಯ್‌ಗುಟ್ಟುವ ಸದ್ದು ಅರೆಕ್ಷಣದಲ್ಲಿ ನಿಂತಿತು.

ದಪ್ಪ ಬಾಗಿಲು ತೆರೆದು ಶಿಫಾನಾ ಬಂದಳು. ಅವನನ್ನು ಅಲುಗಿಸಬಾರದೆಂದು ತಾನೇ ಟಿಶ್ಯೂ ಪೇಪರಿನಿಂದ ಅವನ ಕಣ್ಣು, ಕಿವಿ ಒರೆಸಿದಳು. ಸ್ವಲ್ಪ ಹೊತ್ತು ಹಲಗೆಯ ಪಕ್ಕದಲ್ಲಿ ನಿಂತಳು.

"ಮಗಾ, ಸ್ವರ ಹೋಗ್ತದಾ?" ಎಂದು ಭೋಜ ಕೇಳಿದ.

ಅವಳು ತನ್ನ ಗಂಟಲಿನ ಮೇಲೆ ಬೆರಳಿಟ್ಟು ತೋರಿಸಿದಳು. "ಸ್ವರದ ಪೆಟ್ಟಿಗೆ ಇಲ್ಲಿ ಉಂಟು. ನಾವು ಕೊಡುವುದು ಇಲ್ಲಿ," ಎಂದು ಬಲಪಕ್ಕೆಯ ಕೆಳಗೆ ಕೈಯಿಟ್ಟಳು. "ನಡುವೆ ಒಂದು ಗೇಣಿಗಿಂತ ಹೆಚ್ಚುಂಟು. ಸುಸ್ತು ಆಗ್ಬಹುದು, ಒಣಕೆಮ್ಮು ಬರ್ಬಹುದು, ಕೆಲವರಿಗೆ ಪಕ್ಕೆ ನೋಯ್ತದೆ. ಸ್ವರಕ್ಕೆ ಎಂತದೂ ಆಗ್ಲಿಕ್ಕಿಲ್ಲ."

"ನಿಜ ಹೇಳ್ತಿಯಲ್ಲಾ?"

"ಆಗುವುದಿದ್ರೆ ಆಗ್ತದೆ ಅಂತಲೇ ಹೇಳ್ತಿದ್ದೆ ಭೋಜಣ್ಣ. ಇದನ್ನು ಮೊದಲೇ ಕೇಳ್ಬಹುದಿತ್ತಲ್ಲಾ ನೀವು."

ಮೊದಲೇ ಕೇಳಬಹುದಿತ್ತು, ನಿಜ. ಮೂವತ್ತಾರು ವರ್ಷ ಉತ್ತರ ಕೊಟ್ಟೇ ಅಭ್ಯಾಸವಾಗಿ ಕೇಳುವುದು ಮರೆತುಹೋಗಿತ್ತು ಎಂದು ಅವನು ಹೇಳಿದಾಗ ಅವಳಿಗೆ ನಗು ಬಂತು, ಅವನಿಗೂ ಬಂತು. ನಗು ಪೂರ್ತಿ ನಿಲ್ಲುವ ತನಕ ಅವಳು ಕಾದಳು, ನಕ್ಕರೆ ಗೆರೆ ಕುಣಿಯುತ್ತದೆ. ಆಮೇಲೆ ಒಂದು ಸಣ್ಣ ಸ್ಕ್ಯಾನ್ ಮಾಡಿ ಅವನು ಜರುಗಿಲ್ಲವೆಂದು ಖಚಿತ ಮಾಡಿಕೊಂಡು, ನಿಂತಲ್ಲಿಂದ ಮುಂದುವರಿಸಿದರು. ಆ ದಿನ ಒಟ್ಟು ಹನ್ನೊಂದು ಸಲ ಉಸಿರು ಹಿಡಿದ. ಉಳಿದ ಎಂಟೂ ಅಳತೆ ಹಿಡಿದು ಕೊಯ್ದಂತೆ ಬಂದವು.

ಉಳಿದ ನಾಲ್ಕು ದಿನಗಳಲ್ಲಿ ಹೇಳುವಂಥ ವಿಶೇಷವೇನೂ ನಡೆಯಲಿಲ್ಲ, ಡಾಕ್ಟರು ಬಯಸಿದ್ದೂ ಅದನ್ನೇ. ಮೂರನೆಯ ದಿನದ ನಂತರ ಸುಸ್ತು ಹಿಡಿಯಿತು. ಓಮ್ನಿಯಲ್ಲಿ ಕೂತರೆ ಸಂಗಬೆಟ್ಟು ದಾಟುವ ಮೊದಲೇ ನಿದ್ದೆ. ಯಾಕೂಬ್ ರಸ್ತೆಯ ಹೊಂಡಗಳನ್ನೆಲ್ಲ ತಪ್ಪಿಸಿ ಓಡಿಸುತ್ತಿದ್ದ. ಆ ರಸ್ತೆಯ ಒಂದೊಂದು ಹೊಂಡವೂ ಅವನಿಗೆ ಗೊತ್ತು. ಊಟ ರುಚಿಸದೆ ಗಂಜಿ, ಉಪ್ಪಿನಕಾಯಿಯಲ್ಲಿ ಎರಡು ವಾರ ಹೋಯಿತು. ಒಣಕೆಮ್ಮು ಬಂದು, ಇದ್ದು, ತಾನಾಗಿಯೇ ಹೋಯಿತು. ಸ್ವರ ಇದ್ದಲ್ಲಿಯೇ ಇತ್ತು. ಬೆಳಿಗ್ಗೆ ಎದ್ದ ಕೂಡಲೇ ಅವನು ಅಮ್ಮಣ್ಣಿಯನ್ನು ಅಂಗಳದಾಚೆಗೆ ಕೇಳುವಂತೆ ಕರೆದು ಪರೀಕ್ಷೆ ಮಾಡುತ್ತಿದ್ದ. ಮೆಲ್ಲಗೆ ಕರೆದರೂ ನನಗೆ ಕೇಳ್ತದೆ ಎಂದು ಅವಳು ಪ್ರತಿ ದಿನವೂ ಹೇಳುತ್ತಿದ್ದಳು.

ಮೂರು ತಿಂಗಳ ನಂತರ ಮತ್ತೆ ಸ್ಕ್ಯಾನ್ ಇತ್ತು. ಆ ದಿನ ಯಾಕೂಬ್ ಬೆಳ್ತಂಗಡಿಯಲ್ಲಿರುವ ಮಗಳು ರಾಫಿಯಾಳ ಮನೆಗೆ ಹೋಗಿದ್ದರಿಂದ ಗಂಡಹೆಂಡತಿ ಬಸ್ಸಿನಲ್ಲಿಯೇ ಬಂದಿದ್ದರು. ಡಾಕ್ಟರ್ ಸುರಕ್ಷಾ ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ನೆಲ್ಲಿಕಾಯಿಯ ಜಾಗದಲ್ಲಿ ಈಗ ಗೀಚಿದಂಥ ಒಂದು ಗುರುತು.

"ಗಂಟು ಚೆನ್ನಾಗಿ ಕುಗ್ಗಿದೆ. ಉಳಿದದ್ದು ಗಾಯದ ಕಲೆಯ ಹಾಗೆ ಕಾಣ್ತದೆ," ಎಂದರು. "ಪೂರ್ತಿ ಹೋಯ್ತು ಅಂತ ಇವತ್ತೇ ಹೇಳ್ಲಿಕ್ಕೆ ಆಗುದಿಲ್ಲ. ಮೂರು ತಿಂಗಳಿಗೊಮ್ಮೆ ನೋಡುವ. ಆದ್ರೆ ಇಷ್ಟರ ತನಕ ಬಂದದ್ದು ನಾವು ಆಸೆಪಟ್ಟ ಹಾಗೆಯೇ ಉಂಟು."

ಒಳ್ಳೆಯ ಶ್ವಾಸಕೋಶಕ್ಕೆ ಎಷ್ಟು ಹಾನಿಯಾಯಿತು ಎಂದು ಭೋಜ ಈ ಸಲ ಮರೆಯದೆ ಕೇಳಿದ. ತೀರಾ ಸ್ವಲ್ಪ ಎಂದರು ಡಾಕ್ಟರು. ಊದುವ ಪರೀಕ್ಷೆಯಲ್ಲಿ ಮೊದಲಿನಷ್ಟೇ ಬಂದಿತ್ತು. ಮೊದಲಿನಷ್ಟು ಎಂದರೆ ಅರ್ಧವೇ. ಅರ್ಧ ಸಾಕು ಎಂದು ಭೋಜನಿಗೆ ಅನ್ನಿಸಿತು. ಶಿಫಾನಾಳನ್ನು ಕಂಡು ಹೇಳಿ ಹೋಗುವ ಎಂದರೆ ಅವಳು ಒಳಗೆ ಇನ್ನೊಬ್ಬರಿಗೆ ಉಸಿರು ಹಿಡಿಸುತ್ತಿದ್ದಳು. ಬಾಗಿಲ ಮೇಲಿನ ಕೆಂಪು ದೀಪ ಉರಿಯುತ್ತಿತ್ತು. ಅವರು ಕಾಯಲಿಲ್ಲ, ಫೋನಿನಲ್ಲಿ ಹೇಳಿದರಾಯಿತು ಎಂದು ಹೊರಟರು.

ಬಸ್‌ಸ್ಟಾಪಿಗೆ ಬಂದು ಭೋಜ ಯಾಕೂಬನಿಗೆ ಫೋನ್ ಮಾಡಿ ಸುದ್ದಿ ಹೇಳಿದ. ಆಚೆಯಿಂದ ಯಾಕೂಬ್ "ಹ್ಞಾಂ" ಎಂದ. ಆ ಒಂದು ಹ್ಞಾಂ ಸ್ವಲ್ಪ ಒಡೆದಿತ್ತು. ನಾಡಿದ್ದು ಭಾನುವಾರ ಎಲ್ಲರೂ ಊಟಕ್ಕೆ ಬರಬೇಕು ಎಂದು ರಾಫಿಯಾ ಅಪ್ಪನ ಕೈಯಿಂದ ಫೋನು ತೆಗೆದುಕೊಂಡು ಹೇಳಿದಳು.

ಫೋನ್ ಇಟ್ಟು ನೋಡಿದರೆ ಅಮ್ಮಣ್ಣಿ ಪಕ್ಕದಲ್ಲಿ ಇರಲಿಲ್ಲ. ಬಸ್‌ಸ್ಟಾಪಿನ ಹಿಂದಿನ ಗೋಳಿಮರದ ಕಟ್ಟೆಯ ಮೇಲೆ, ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಭುಜ ಅಲುಗುತ್ತಿತ್ತು. ಎಕ್ಸ್‌ರೇ ಬಂದ ದಿನ ಅವಳು ಅತ್ತಿರಲಿಲ್ಲ. ಬಯಾಪ್ಸಿಯ ದಿನವೂ ಇಲ್ಲ. ಅವನು ಗಂಜಿ ದೂರ ತಳ್ಳಿದ ದಿನಗಳಲ್ಲಿಯೂ ಬಟ್ಟಲು ಎತ್ತಿಕೊಂಡು ಸುಮ್ಮನೆ ಒಳಗೆ ಹೋಗಿದ್ದಳು. ಇಷ್ಟು ತಿಂಗಳು ಅವಳು ಅದನ್ನೆಲ್ಲ ಎಲ್ಲಿಟ್ಟಿದ್ದಳೋ.

ಭೋಜನ ಬಾಯಿಗೆ ಮಾತು ಬಂತು. ಎಲ್ಲ ಸರಿಯಾಯಿತಲ್ಲಾ, ಈಗ ಯಾಕೆ ಅಳುವುದು ಎಂದು ಹೇಳಹೊರಟವನು ಹೇಳಲಿಲ್ಲ. ಹೋಗಿ ಅವಳ ಪಕ್ಕದಲ್ಲಿ ಕೂತ. ಒಂದು ಬಸ್ಸು ಬಂದು ನಿಂತು, ಕಂಡಕ್ಟರ್ ಬಾಗಿಲಿನಿಂದ ತಲೆ ಹೊರಗೆ ಹಾಕಿ ಇವರ ಕಡೆ ನೋಡಿದ. ಭೋಜ ನೀನು ಹೋಗು ಎಂದು ಕೈ ಬೀಸಿದ. ಬಸ್ಸು ಹೋಯಿತು. ಅಮ್ಮಣ್ಣಿ ಅಳುವಷ್ಟು ಹೊತ್ತು ಅತ್ತಳು. ಅವನು ಎದ್ದು ಹೋಗಿ ಎದುರಿನ ಹೋಟೆಲಿನಿಂದ ಬಿಸಿ ಗೋಳಿಬಜೆ ಕಟ್ಟಿಸಿಕೊಂಡು ಬಂದ. ಅವಳು ಮುಖ ಒರೆಸಿಕೊಂಡು ಒಂದನ್ನು ಮುರಿದಳು, ಉಪ್ಪು ಸ್ವಲ್ಪ ಕಡಿಮೆ ಎಂದಳು, ಇನ್ನೊಂದನ್ನೂ ತಿಂದಳು.

ಮುಂದಿನ ಬಸ್ಸು ಇಪ್ಪತ್ತು ನಿಮಿಷ ತಡವಾಗಿ ಬಂತು. ತುಂಬ ಜನ ಇರಲಿಲ್ಲ. ಅವರಿಗೆ ಕಿಟಕಿಯ ಬದಿಯ ಸೀಟು ಸಿಕ್ಕಿತು.